ಹಾಲುಬೆಟ್ಟಕ್ಕೆ ಹೆಪ್ಪು

ಆ ದಿನ ಬೆಳಿಗ್ಗೆ ನೀಲಗಂಗಾಳ ಜಾಕೆಟ್ ಕಾಣೆಯಾಗಿತ್ತು.

ಗೂಟದಲ್ಲಿರಲಿಲ್ಲ, ಮಂಚದ ಕೆಳಗಿರಲಿಲ್ಲ, ಬಾಗಿಲ ಹಿಂದೆಯೂ ಇರಲಿಲ್ಲ. ಕಿಟಕಿಯಾಚೆ ಓಮಾ ಕಾಂಗ್ರಿ ಶಿಖರದ ಕೊರಳಿಗೆ ಮೋಡವೊಂದು ಬಂದು ಆತುಕೊಳ್ಳುತ್ತಿತ್ತು. ಈ ಚಳಿಗಾಲದ ಕೊನೆಯ ದೊಡ್ಡ ಮೋಡ. ಅದಕ್ಕಾಗಿ ಇಪ್ಪತ್ತೆರಡು ದಿನ ಆಕಾಶ ನೋಡುತ್ತ ಕಾದಿದ್ದ ಹುಡುಗಿ ಈಗ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಕಾಲಲ್ಲಿ ಕುಂಟುತ್ತ ಮನೆಯೆಲ್ಲ ತಡಕಾಡುತ್ತಿದ್ದಳು.

"ಆಯಿ, ನನ್ನ ಜಾಕೆಟ್ ನೋಡಿಯೇನ?"

"ನೋಡೇನಿ," ಎಂದಳು ಅಜ್ಜಿ ಬಾಳವ್ವ, ಒಲೆಯ ಮುಂದಿನಿಂದ ಏಳದೆ. "ಮೊಸರು ಹೊದ್ಕೊಂಡೈತಿ."

ನಿಜವೇ. ಒಲೆಯ ಪಕ್ಕದ ಮೂಲೆಯಲ್ಲಿ, ಬಾತುಕೋಳಿಯ ಗರಿ ತುಂಬಿದ ಆ ಕೆಂಪು ಜಾಕೆಟ್ಟು ಕೈಗಳೆರಡನ್ನೂ ಹೊಟ್ಟೆಗೆ ಕಟ್ಟಿಕೊಂಡು, ಒಳಗೊಂದು ಡಬರಿಯನ್ನು ಅಪ್ಪಿಕೊಂಡು, ಬಾಣಂತಿಯ ಹಾಗೆ ಕುಳಿತಿತ್ತು.

"ಆಯಿ! ಹೊರಗ ಮೈನಸ್ ಎಂಟು ಐತಿ!"

"ಅದಕ್ಕ ಹೊದಿಸೇನಿ. ನಿನ್ನಿ ಹಾಕಿದ ಹೆಪ್ಪು ಈ ಊರಾಗ ಮಧ್ಯಾಹ್ನಕ್ಕ ಏಳ್ತೈತಿ. ಈಗ ಅಲ್ಲಾಡಿಸಿದ್ಯೋ, ಅತ್ತ ಹಾಲೂ ಅಲ್ಲ, ಇತ್ತ ಮೊಸರೂ ಅಲ್ಲ. ನನ್ನ ಕೌದಿ ಹೊದ್ಕೊಂಡು ಹೋಗು."

ವಾದಕ್ಕೆ ಹೊತ್ತಿರಲಿಲ್ಲ. ಹನ್ನೊಂದು ಸಾವಿರ ಅಡಿ ಎತ್ತರದ ಹಿಮ ಸಂಶೋಧನಾ ಕೇಂದ್ರದ ಕಿರಿಯ ವಿಜ್ಞಾನಿ ನೀಲಗಂಗಾ, ರಬಕವಿಯ ಹಳೆ ಸೀರೆಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಮೈತುಂಬ ಸುತ್ತಿಕೊಂಡು ಕಂಟ್ರೋಲ್ ರೂಮಿನ ಕಡೆ ಓಡಿದಳು.

ಅವಳು ಈ ಬೆಟ್ಟಕ್ಕೆ ಬರಲು ಕಾರಣವೂ ಒಂದು ಲೆಕ್ಕದಲ್ಲಿ ಹೆಪ್ಪೇ. ತಾಯಿಯಿಲ್ಲದ ಮಗುವನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದ ಬಾಳವ್ವ, ರಬಕವಿಯ ಮಗ್ಗದ ಓಣಿಯಲ್ಲಿ ಬೇಸಿಗೆಯ ಸಂಜೆ ಹೆಂಚು ಕಾದು ಮನೆಯೆಲ್ಲ ಕುಲುಮೆಯಾದಾಗ ಒಂದು ಕಥೆ ಹೇಳುತ್ತಿದ್ದಳು. ಮುಗಿಲ ಮೇಲೆ ಒಬ್ಬ ಮುದುಕಿ. ಅವಳ ಹತ್ತಿರ ಏಳು ಗಡಿಗೆ ಹಾಲು. ದಿನವೂ ಬೆರಳ ತುದಿಯಿಂದ ಒಂದೊಂದು ಗಡಿಗೆಗೂ ಹೆಪ್ಪು ಮುಟ್ಟಿಸುತ್ತಾಳೆ. ಹಾಲು ಗಟ್ಟಿಯಾಗಿ, ಬೆಳ್ಳಗೆ, ಮೆತ್ತಗೆ ಬೆಟ್ಟಗಳ ತಲೆಯ ಮೇಲೆ ಇಳಿಯುತ್ತದೆ. ಅದೇ ಹಿಮ. ಬೇಸಿಗೆಯಲ್ಲಿ ಮುದುಕಿ ಅದನ್ನು ಕಡೆಯುತ್ತಾಳೆ, ಮಜ್ಜಿಗೆ ನದಿಯಾಗಿ ಹರಿಯುತ್ತದೆ.

"ಏಳು ಗಡಿಗಿಗೆ ಬೆರಳ ತುದಿಯಷ್ಟ ಸಾಕೇನ ಆಯಿ?" ಎಂದು ಬೆವರಿನಲ್ಲಿ ಒದ್ದೆಯಾದ ಪುಟ್ಟ ನೀಲಾ ಕೇಳಿದರೆ, "ಸಾಕವಾ. ಹೆಪ್ಪು ಅಂದ್ರ ಮನಿಮನಿಗೆ ಆರತಿಗೆ ಕರೆಯಾಕ ಹೋಗೋ ಹುಡುಗಿ ಇದ್ದಂಗ. ಕರೆಯಾಕ ಒಬ್ಬಾಕಿ ಸಾಕು, ಊರೆಲ್ಲ ಬರ್ತೈತಿ," ಎನ್ನುತ್ತಿದ್ದಳು.

ಹಿಮವನ್ನು ಕಂಡೇ ಇರದ ಆ ಮುದುಕಿಯ ಕಥೆ ಅರ್ಧ ನಿಜವೆಂದು ನೀಲಾಳಿಗೆ ಗೊತ್ತಾದದ್ದು ಕಾಲೇಜಿನಲ್ಲಿ. ಮೋಡದೊಳಗಿನ ನೀರಿನ ಹನಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೂ ತಾನಾಗಿ ಹೆಪ್ಪುಗಟ್ಟುವುದಿಲ್ಲ. ಅದಕ್ಕೊಂದು ಬೀಜ ಬೇಕು, ಹಿಡಿದುಕೊಳ್ಳಲು ಒಂದು ಕೈ ಬೇಕು. ಗಿಡದ ಎಲೆಗಳ ಮೇಲೆ ಬದುಕುವ ಒಂದು ಬಗೆಯ ಸೂಕ್ಷ್ಮಜೀವಿಗೆ ಆ ವಿದ್ಯೆ ಗೊತ್ತಿದೆ. ಅದರ ಮೈಮೇಲಿನ ಪ್ರೋಟೀನು ನೀರಿನ ಕಣಗಳನ್ನು ಸಾಲಾಗಿ ನಿಲ್ಲಿಸುತ್ತದೆ, ಸಾಲು ನಿಂತ ನೀರು ಮಂಜುಗಡ್ಡೆಯಾಗುತ್ತದೆ. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಡಾಕ್ಟರ್ ವಾದಿರಾಜ ಉಡುಪರು ಅಂಥ ಜೀವಿಯನ್ನು ಸಾಕಿ, ಹಿಮಾಲಯದ ಮೋಡಕ್ಕೆ ಸಿಂಪಡಿಸುವ ದ್ರಾವಣವೊಂದನ್ನು ತಯಾರಿಸಿದರು. ಅದಕ್ಕೆ ಹತ್ತು ಅಕ್ಷರದ ವೈಜ್ಞಾನಿಕ ಹೆಸರಿತ್ತು. ಅದನ್ನು 'ಹೆಪ್ಪು' ಎಂದು ಮೊದಲು ಕರೆದವಳು ನೀಲಾ. ಹೆಸರು ಅಂಟಿಕೊಂಡಿತು. ಡ್ರಮ್ಮುಗಳ ಮೇಲೂ ಅದನ್ನೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿದರು.

ಆ ಒಂದು ಹೆಸರು ಮುಂದೆ ಏನೇನು ಮಾಡಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

*

ಕಂಟ್ರೋಲ್ ರೂಮಿನ ಬಾಗಿಲಲ್ಲೇ ಅಂಗ್ಮೋ ನಿಂತಿದ್ದಳು. ಶಿಖರದ ಬುಡದ ಕರ್ಮೋ ಹಳ್ಳಿಯವಳು, ಸ್ಕೀ ಕಲಿಸುವುದು ಅವಳ ಕಸುಬು. ನಾಲ್ಕು ವರ್ಷಗಳಿಂದ ಹಿಮವಿಲ್ಲದೆ ಆ ಕಸುಬು ಬೋಳು ಇಳಿಜಾರಿನ ಮೇಲೆ ಹಾಸಿದ ಹಸಿರು ಪ್ಲಾಸ್ಟಿಕ್ ಚಾಪೆಗೆ ಬಂದು ನಿಂತಿತ್ತು. ಮಕ್ಕಳು ಅದರ ಮೇಲೆ ಜಾರಿ ಮೊಣಕಾಲು ಸುಟ್ಟುಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆ ಅವಳು ಕೇಂದ್ರದ ಉಗ್ರಾಣ ನೋಡಿಕೊಳ್ಳುತ್ತಿದ್ದಳು. ಎರಡು ಚಳಿಗಾಲ ಬಾಳವ್ವನ ಒಲೆಯ ಮುಂದೆ ಕುಳಿತು ಕನ್ನಡವನ್ನೂ ಕಲಿತಿದ್ದಳು, ಅದೂ ಎಂಥ ಕನ್ನಡ!

"ಯವ್ವಾ, ಇದೇನ ಅವತಾರ?" ಎಂದಳು ಕೌದಿ ನೋಡಿ. "ಹೊಸ ನಮೂನಿ ಸ್ಕೀ ಡ್ರೆಸ್ಸೇನ?"

"ನಗಬ್ಯಾಡ. ಮೋಡ ನೋಡು."

ಅಂಗ್ಮೋ ನಗು ನಿಲ್ಲಿಸಿದಳು. "ನೋಡಾಕತ್ತೇನಿ. ಬೆಳಗ್ಗಿಂದ ಅದನ್ನ ನೋಡಾಕತ್ತೇನಿ."

ಇಡೀ ಕರ್ಮೋ ಅದನ್ನೇ ನೋಡುತ್ತಿತ್ತು. ಓಮಾ ಕಾಂಗ್ರಿ ಎಂದರೆ ಅವರ ಮಾತಿನಲ್ಲಿ ಹಾಲಿನ ಹಿಮಬೆಟ್ಟ. ಈಗ ಅದರ ಮೈ ಬೂದು ಕಲ್ಲಾಗಿತ್ತು. ಅದರಿಂದ ಹುಟ್ಟುವ ಓಮಾ ಚೂ ನದಿ ಮೇ ತಿಂಗಳಲ್ಲೇ ಸೊರಗಿ, ಬಾರ್ಲಿ ಗದ್ದೆಯ ಕಾಲುವೆಗಳು ಒಣಗಿದ್ದವು. ಕೆಳಗಿನ ಕಣಿವೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುತ್ತಿದ್ದ ರಬ್ಬರ್ ದೋಣಿಗಳು ಕಲ್ಲುಗಳ ಮೇಲೆ ಮಗುಚಿ ಬಿದ್ದಿದ್ದವು. ಮೇಲಿನಿಂದ ಆದೇಶ ಬಂದಾಗಿತ್ತು: ಇದೇ ಶುಕ್ರವಾರ ಸಂಜೆಯೊಳಗೆ ಇಳಿಜಾರಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಹಿಮ ನಿಲ್ಲದಿದ್ದರೆ ಕೇಂದ್ರ ಮುಚ್ಚಬೇಕು, ಕರ್ಮೋದ ಅರವತ್ತೊಂದು ಮನೆಗಳೂ ಸುರಂಗದಾಚೆಯ ತಗಡಿನ ಕಾಲೊನಿಗೆ ಇಳಿಯಬೇಕು. ಇಪ್ಪತ್ತು ಸೆಂಟಿಮೀಟರ್ ಎಂದರೆ ಬಾಳವ್ವನ ಲೆಕ್ಕದಲ್ಲಿ ಒಂದು ಗೇಣು.

ಶುಕ್ರವಾರ ಎಂದರೆ ಇವತ್ತು.

"ನಮ್ಮಪ್ಪ ಗಂಟು ಕಟ್ಯಾನ," ಎಂದಳು ಅಂಗ್ಮೋ ಮೆಲ್ಲಗೆ. "ನನ್ನ ಸ್ಕೀ ಹಲಗಿ ಮಾತ್ರ ಹೊರಗ ಇಟ್ಟಾನ. ಕಟ್ಟು ಅಂದ್ರ, ನೀನ ಕಟ್ಟು ಅಂತಾನ. ನನ್ನ ಕೈಲೆ ಆಗೂದಿಲ್ಲ."

ನೀಲಾ ಅವಳ ಕೈ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಒಳಗೆ ಉಡುಪರು ಪರದೆಗಳ ಮುಂದೆ ನಿಂತೇ ಇದ್ದರು. ಶಿಖರದ ನೆತ್ತಿಯ ಅಂಚಿನುದ್ದಕ್ಕೂ ಹನ್ನೆರಡು ಉಕ್ಕಿನ ಕಂಬಗಳು. ಪ್ರತಿ ಕಂಬದ ತುದಿಯಲ್ಲೂ ಹೆಪ್ಪನ್ನು ತುಂತುರಾಗಿ ಚಿಮ್ಮಿಸುವ ಮೂತಿ.

"ಬಂದೆಯಾ? ಎಂತ ಮಾರಾಯ್ತಿ, ಹಾಸಿಗೆ ಸಮೇತ ಬಂದಿದ್ದೀ? ಸರಿ, ಕೂತುಕೋ. ಎಷ್ಟು ಡ್ರಮ್ ಉಂಟು?"

"ಮೂರು, ಸರ್."

"ಮೂರನ್ನೂ ಬಿಡುವ."

"ಹೋದ ಸಲ ಎರಡು ಬಿಟ್ಟಾಗಲೂ ಬೀಳಲಿಲ್ಲ. ಅದರ ಹಿಂದಿನ ಸಲ ಒಂದು."

"ಅದಕ್ಕೇ ಮೂರು. ಸಾಲಲಿಲ್ಲ, ಅಷ್ಟೇ."

ನೀಲಾಳಿಗೆ ಏನೋ ಚುಚ್ಚುತ್ತಿತ್ತು. ಹೋದ ಚಳಿಗಾಲ ಒಂದೇ ಕಂಬದಿಂದ, ಒಂದು ಚೊಂಬು ಹೆಪ್ಪಿನಿಂದ, ಶಿಖರದ ತುದಿಯಲ್ಲಿ ಕಂಬಳಿಯಷ್ಟು ಜಾಗಕ್ಕೆ ಚೆಂದದ ಹಿಮ ಬಿದ್ದಿತ್ತು. ಅದರ ಫೋಟೋ ಬಾಳವ್ವ ದೇವರ ಜಗುಲಿಯ ಮೇಲಿಟ್ಟಿದ್ದಳು. ಈ ವರ್ಷ ಡ್ರಮ್ಮುಗಟ್ಟಲೆ ಸುರಿದರೂ ಯಾಕಿಲ್ಲ?

ಹನ್ನೊಂದಕ್ಕೆ ಪಂಪುಗಳು ಗುಂಯ್ ಎಂದವು. ಹನ್ನೆರಡು ಮೂತಿಗಳಿಂದ ಬೆಳ್ಳಗಿನ ಉಸಿರು ಮೋಡದೊಳಕ್ಕೆ ನುಗ್ಗಿತು. ಹತ್ತೇ ನಿಮಿಷ. ಮೋಡದ ಹೊಟ್ಟೆ ಒಮ್ಮೆಲೆ ಮಿನುಗಿತು. ಕೋಟಿ ಕೋಟಿ ಕಣಗಳು, ಬೀಸುಕಲ್ಲಿನಿಂದ ಹಾರಿದ ಹಿಟ್ಟಿನ ಹಾಗೆ, ಬಿಸಿಲಿಗೆ ಬಣ್ಣ ಬಣ್ಣವಾಗಿ ಹೊಳೆದವು. ಹೊರಗೆ ಮಕ್ಕಳು ಕೂಗಿಕೊಂಡರು. ಉಡುಪರು ಮುಷ್ಟಿ ಬಿಗಿದರು. ನೀಲಾ ಕುರ್ಚಿಯ ತುದಿಗೆ ಬಂದಿದ್ದಳು.

ಆ ಹಿಟ್ಟು ಬೀಳಲಿಲ್ಲ. ಗಾಳಿ ಅದನ್ನು ಎತ್ತಿಕೊಂಡು, ಬೆಟ್ಟದ ಅಂಚು ದಾಟಿಸಿ, ಆಚೆ ಕಣಿವೆಯ ಕಡೆಗೆ ಒಯ್ದುಬಿಟ್ಟಿತು. ಅಷ್ಟು ಹೊಳಪಿನ ಕೆಳಗೆ ಹಸಿರು ಚಾಪೆ ಒಣಗಿಕೊಂಡೇ ಇತ್ತು.

ಉಡುಪರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಹೊಸ ಮೋಡ ಇನ್ನೂ ಬರುತ್ತಾ ಉಂಟು. ಸಂಜೆವರೆಗೆ ಇರುತ್ತದೆ. ಆದರೆ ನಮ್ಮ ಹತ್ತಿರ ಎಂತ ಉಂಟು? ಖಾಲಿ ಡ್ರಮ್ಮು." ಕುರ್ಚಿ ಎಳೆದುಕೊಂಡರು. "ಹೋಗು, ಊಟ ಮಾಡಿ ಬಾ. ನಾನು ವರದಿ ಬರೆಯುತ್ತೇನೆ."

*

ಮನೆಯಲ್ಲಿ ಒಗ್ಗರಣೆಯ ವಾಸನೆ. ನೀಲಾ ಕೌದಿಯ ಸಮೇತ ಗೋಡೆಗೊರಗಿ ಕುಸಿದಳು. ಬಾಳವ್ವ ಮೊಮ್ಮಗಳ ಮುಖ ನೋಡಿದಳು. ಜಾಕೆಟ್ಟಿನ ಕೈಗಳನ್ನು ಬಿಡಿಸಿ ಡಬರಿ ಹೊರತೆಗೆದು, ಚಮಚದಿಂದ ಒಂದು ಹೋಳು ಎತ್ತಿದಳು. ಮೊಸರು ಕತ್ತರಿಸಿದ ಹಾಗೆ ಬಂತು.

"ನೋಡು, ಹೆಂಗ ಆಗೈತಿ!"

ನೀಲಾಳಿಗೆ ಅಷ್ಟು ದುಃಖದಲ್ಲೂ ಒಂದು ಮಾತು ನೆನಪಾಯಿತು. "ಆಯಿ, ನಿನ್ನಿ ಮಧ್ಯಾಹ್ನನ ಮೊಸರು ತೀರಿತ್ತು. ನಾನ ಡಬರಿ ಬಳದು ತಿಂದೇನಿ. ಇದಕ್ಕ ಹೆಪ್ಪು ಎಲ್ಲಿಂದ ತಂದಿ?"

"ಎಲ್ಲಿಂದ ತರ್ಲಿ? ಡಬರಿ ತೊಳದ ನೀರು ಹಾಕಿದೆ."

"ತೊಳದ ನೀರಾ?"

"ಡಬರಿ ಕಂಠಕ್ಕ ಅಂಟಿದ್ದು ಇರ್ತೈತಲ್ಲ, ಅಷ್ಟ ಸಾಕು. ಖರೇ ಅಂದ್ರ ಅದ ಚಲೋ. ಹೆಪ್ಪು ಹೆಚ್ಚಾದ್ರ ಮೊಸರು ಒಡದು ನೀರು ನೀರು ಆಗ್ತೈತಿ." ತಟ್ಟೆಗೆ ರೊಟ್ಟಿ ಹಾಕುತ್ತ ಬಾಳವ್ವ ಮುಂದುವರಿಸಿದಳು. "ಏನರ ಅನ್ನು, ನಿಮ್ಮ ಡ್ರಮ್ಮಿನ ಹೆಪ್ಪಿಗೆ ಮಾತ್ರ ನಾ ಏನೂ ಕಡಿಮಿ ಮಾಡಿಲ್ಲವಾ. ನಾಕು ತಿಂಗಳು ಬೆಚ್ಚಗ ಇಡಿಸೇನಿ."

ರೊಟ್ಟಿ ಮುರಿಯುತ್ತಿದ್ದ ನೀಲಾಳ ಕೈ ನಿಂತಿತು.

"ಏನಂದಿ?"

"ಕಂಬಳಿ ಹೊದಿಸೇವಿ. ಅಂಗ್ಮೋ ಬಂದು ಕೇಳಿದ್ಲು, ಆಯಿ, ಹೆಪ್ಪು ಬಂದೈತಿ, ಹೆಂಗ ಇಡಬೇಕು ಅಂತ. ಹೆಪ್ಪಿಗೆ ಚಳಿ ಆಗಬಾರ್ದು, ಉಗ್ರಾಣದಾಗ ನಮ್ಮ ಒಲಿ ಹಿಂದಿನ ಗ್ವಾಡಿಗೆ ಒತ್ತಿ ಇಡು ಅಂದೆ. ಪಾಪ, ದಿನಾ ಬಂದು ಕಂಬಳಿ ಸರಿ ಮಾಡಿ ಹೋಗ್ತಾಳ."

ನೀಲಾ ತಟ್ಟೆ ಬಿಟ್ಟು ಎದ್ದೇ ನಿಂತಳು. ಅವಳ ತಲೆಯೊಳಗೆ ಪಂಪು ಶುರುವಾದ ಹಾಗಾಯಿತು. ಆ ದ್ರಾವಣದಲ್ಲಿರುವುದು ಜೀವ. ಚಳಿಯಲ್ಲಿಟ್ಟರೆ ನಿದ್ದೆ ಮಾಡುತ್ತದೆ, ಬೆಚ್ಚಗಿಟ್ಟರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ತಣ್ಣಗಿಡಬೇಕೆಂಬ ಸೂಚನೆ ಇಂಗ್ಲಿಷಿನಲ್ಲಿ, ಡ್ರಮ್ಮಿನ ತಳದಲ್ಲಿ, ಸಣ್ಣ ಚೀಟಿಯ ಮೇಲಿತ್ತು. ದೊಡ್ಡದಾಗಿ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಪದ, ಅವಳೇ ಇಟ್ಟ ಹೆಸರು. ಕಂಟ್ರೋಲ್ ರೂಮಿನ ಪರದೆ ಎಷ್ಟು ಲೀಟರ್ ಹರಿಯಿತೆಂದು ಹೇಳುತ್ತಿತ್ತೇ ಹೊರತು, ಆ ಲೀಟರಿನಲ್ಲಿ ಎಷ್ಟು ಜೀವ ಇದೆಯೆಂದು ಹೇಳುತ್ತಿರಲಿಲ್ಲ.

"ಆಯಿ! ಸಾಲದೆ ಹೋಗಿದ್ದಲ್ಲ, ಹೆಚ್ಚಾಗಿದ್ದು! ಹೆಪ್ಪು ಹೆಚ್ಚಾಗಿ ಮೋಡ ಒಡದೈತಿ!"

ಇರುವ ನೀರು ಅಷ್ಟೇ, ಹಿಡಿಯುವ ಕೈ ಕೋಟಿ. ಒಂದೇ ರೊಟ್ಟಿಯನ್ನು ಸಾವಿರ ಜನಕ್ಕೆ ಹಂಚಿದ ಹಾಗೆ, ಪ್ರತಿ ಹರಳಿಗೂ ಚೂರೇ ಚೂರು ನೀರು. ಬೀಳುವಷ್ಟು ತೂಕ ಯಾವುದಕ್ಕೂ ಬರಲಿಲ್ಲ, ಎಲ್ಲವೂ ಹಿಟ್ಟಾಗಿ ಹಾರಿಹೋದವು. ಕರೆಯಲು ಒಬ್ಬಳು ಸಾಕಿತ್ತು. ಅವರು ಊರಿನ ದಂಡನ್ನೇ ಕಳಿಸಿದ್ದರು.

ಬಾಳವ್ವನ ಮುಖ ಸಣ್ಣದಾಯಿತು. "ಅಂದ್ರ... ನನ್ನಿಂದ ಕೆಟ್ಟಿತೇನ ಇದು?"

"ಕೆಟ್ಟಿಲ್ಲ ಆಯಿ! ಡ್ರಮ್ಮು ಖಾಲಿ ಅದಾವು. ಆದ್ರ ಇನ್ನೂ ತೊಳದಿಲ್ಲ!"

ಮುದುಕಿಯ ಕಣ್ಣು ಒಂದು ಕ್ಷಣ ಕಿರಿದಾಗಿ, ಆಮೇಲೆ ದೊಡ್ಡದಾಯಿತು. "ಓಡು ಮತ್ತ! ನಿಂತ ಏನ ನೋಡ್ತಿ?"

*

"ತೊಳೆದ ನೀರು?" ಉಡುಪರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನೀಲಗಂಗಾ, ಉಪವಾಸದಲ್ಲಿ ಹಾಗೆಲ್ಲ ಅನಿಸುತ್ತದೆ."

ನೀಲಾ ಆಗಲೇ ಡ್ರಮ್ಮುಗಳ ಕಡೆ ತಿರುಗಿದ್ದಳು. ಖಾಲಿ ಡ್ರಮ್ಮಿನ ಗೋಡೆಗೆ ಅಂಟಿದ್ದ ಲೋಳೆಯನ್ನು ಬೆರಳ ತುದಿಯಲ್ಲಿ ತೆಗೆದು ಒಂದು ಬಕೆಟ್ ನೀರಿಗೆ ಅದ್ದಿದಳು. ಮೂಲೆಯ ಶೀತಪೆಟ್ಟಿಗೆಯಲ್ಲಿ ಗಾಜಿನ ಬಟ್ಟಲೊಂದಿತ್ತು. ಅದರಲ್ಲಿ ಮೈನಸ್ ಆರರ ನೀರು, ಇನ್ನೂ ನೀರಾಗಿಯೇ. ಬಕೆಟ್ಟಿನಿಂದ ಒಂದು ಹನಿ ಎತ್ತಿ ಅದಕ್ಕೆ ಬಿಟ್ಟಳು.

ಟಕ್.

ಬಟ್ಟಲಿನ ನಡುವಿನಿಂದ ಬಿಳಿ ಸೂಜಿಗಳು ಅಂಚಿಗೆ ಓಡಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟಲು ಕಲ್ಲಾಯಿತು.

ಉಡುಪರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ತಾವೇ ಇನ್ನೊಂದು ಬಟ್ಟಲು ತಂದು, ಆ ಹನಿಗೆ ನೂರು ಪಟ್ಟು ನೀರು ಬೆರೆಸಿ ಬಿಟ್ಟರು. ಟಕ್.

"ಅಯ್ಯೋ ದೇವರೇ," ಎಂದರು. "ಇಷ್ಟು ದಿವಸ ನಾವು ಪಾಯಸಕ್ಕೆ ಮೂಟೆ ಮೂಟೆ ಸಕ್ಕರೆ ಸುರಿದದ್ದಾ!" ಮರುಕ್ಷಣವೇ ಅವರ ಧ್ವನಿ ಏರಿತು. "ಅಂಗ್ಮೋ! ಎಲ್ಲ ಡ್ರಮ್ ಹೊರಗೆ ಎಳೆಸು! ಹಳ್ಳಿಯವರನ್ನು ಕರೆ!"

ಕರೆಯುವ ಅಗತ್ಯವಿರಲಿಲ್ಲ. ಕರ್ಮೋ ಬಾಗಿಲಲ್ಲೇ ಇತ್ತು. ಗಂಟು ಕಟ್ಟಿದ್ದ ಕೈಗಳೇ ಗಂಟು ಬಿಚ್ಚಿ ಕೊಡ, ಬಕೆಟ್, ಪಾತ್ರೆ ತಂದವು. ಆರೂ ಡ್ರಮ್ಮುಗಳು ಅಂಗಳದಲ್ಲಿ ಸಾಲಾಗಿ ನಿಂತವು. ಒಳಗಿನ ಲೋಳೆ ಚಳಿಗೆ ಸೆಟೆದು ಗೋಡೆಗೆ ಕಚ್ಚಿಕೊಂಡಿತ್ತು. ಉಡುಪರು ಬಾಯ್ಲರಿನ ಕಡೆ ಕೈ ತೋರಿಸಿದರು. "ಕುದಿಯುವ ನೀರು ತನ್ನಿ, ಬೇಗ ಬಿಡುತ್ತದೆ!"

"ಏ ಏ ಏ, ತಡೀರಿ!"

ಎಲ್ಲರೂ ತಿರುಗಿದರು. ಇಳಕಲ್ ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿ, ಕಾಲಿಗೆ ಅಂಗ್ಮೋಳ ಹಳೆಯ ಬೂಟು ತೊಟ್ಟ ಬಾಳವ್ವ, ಸೌಟು ಎತ್ತಿ ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದಳು.

"ಕುದಿಯೋ ನೀರು ಹಾಕಿದ್ರ ಹೆಪ್ಪು ಸಾಯ್ತೈತ್ರಿ ಸಾಹೇಬ್ರ! ಉಗುರು ಬೆಚ್ಚಗಿರ್ಲಿ. ಇಷ್ಟು ಓದೀರಿ, ಮನ್ಯಾಗ ಯಾರೂ ಹೇಳಿಲ್ಲೇನು?"

ಡಾಕ್ಟರ್ ವಾದಿರಾಜ ಉಡುಪರು, ಪ್ರೋಟೀನುಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು, ಹಣೆ ಚಚ್ಚಿಕೊಂಡರು. "ಸರಿ ಅಮ್ಮಾ, ನೀವೇ ನೋಡಿ ಹೇಳಿ."

ಬಾಳವ್ವ ಪ್ರತಿ ಬಕೆಟ್ಟಿಗೂ ಮೊಣಕೈ ಅದ್ದಿ ನೋಡಿದಳು. "ಇದು ಬಿಸಿ. ತಣ್ಣೀರು ಬೆರಸು. ಇದು ಹಾಕು. ಇದೂ ಹಾಕು." ತೊಳೆದ ನೀರನ್ನೆಲ್ಲ ಒಂದೇ ದೊಡ್ಡ ತೊಟ್ಟಿಗೆ ಸುರಿದು, ಮತ್ತಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿದರು. ಹೆಂಗಸರು ಹಾಡು ಹೇಳುತ್ತ ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಾಲ್ಕು ವರ್ಷ ತುಕ್ಕು ಹಿಡಿದು ನಿಂತಿದ್ದ ಹಗ್ಗದ ಕುರ್ಚಿಗಳ ಯಂತ್ರವನ್ನು ಅಂಗ್ಮೋ ಬೈದು, ಒದ್ದು, ಎಣ್ಣೆ ಕುಡಿಸಿ ಎಬ್ಬಿಸಿದಳು. ಸ್ಕೀ ಮಾಡುವವರನ್ನು ಮೇಲಕ್ಕೊಯ್ಯುತ್ತಿದ್ದ ಆ ಕುರ್ಚಿಗಳಲ್ಲಿ ಈಗ ಕ್ಯಾನುಗಳು ಕಾಲು ಚಾಚಿದ ಪ್ರವಾಸಿಗರ ಹಾಗೆ ಕುಳಿತು, ತೂಗಾಡುತ್ತ, ಶಿಖರದ ನೆತ್ತಿಗೆ ಹೊರಟವು.

ಎರಡೂವರೆಗೆ ನೀಲಾ ಪಂಪಿನ ಗುಂಡಿಯ ಮೇಲೆ ಬೆರಳಿಟ್ಟಳು.

"ಎಷ್ಟು?" ಎಂದರು ಉಡುಪರು.

"ಬೆರಳ ತುದಿಯಷ್ಟು, ಸರ್."

ಹನ್ನೆರಡು ಮೂತಿಗಳೂ ಒಂದೇ ಒಂದು ಸಲ, ಸೀನಿದ ಹಾಗೆ, ಉಸಿರು ಬಿಟ್ಟು ಸುಮ್ಮನಾದವು.

ಐದು ನಿಮಿಷ ಏನಿಲ್ಲ. ಹತ್ತು ನಿಮಿಷ. ಮಿನುಗೂ ಇಲ್ಲ, ಹೊಳಪೂ ಇಲ್ಲ. ಉಡುಪರ ಕೈ ಪಂಪಿನ ಕಡೆ ಹೋಯಿತು. "ಇನ್ನೊಂದು ಸ್ವಲ್ಪ..."

"ಬೇಡ ಸರ್. ಹೆಪ್ಪು ಹಾಕಿದ ಮೇಲೆ ಅಲ್ಲಾಡಿಸಬಾರದು."

ಹೇಳಿದಳೇ ಹೊರತು ಅವಳಿಗೂ ಕೂರಲಾಗಲಿಲ್ಲ. ತಾಳಲಾರದೆ ಹೊರಗೆ ಓಡಿದಳು. ಇಡೀ ಹಳ್ಳಿ ತಲೆಯೆತ್ತಿ ನಿಂತಿತ್ತು. ಮೋಡ ನಿಧಾನವಾಗಿ ಕಪ್ಪಾಯಿತು, ಭಾರವಾಯಿತು, ತುಂಬಿದ ಬಸುರಿಯ ಹಾಗೆ ಕೆಳಗೆ ಇಳಿದು ಶಿಖರದ ಹೆಗಲ ಮೇಲೆ ಕುಳಿತುಕೊಂಡಿತು.

ಅವಳ ಕೌದಿಯ ಮೇಲೆ, ಯಾವ ಕಾಲದ್ದೋ ಹಸಿರು ಸೀರೆಯ ತುಂಡಿನ ಮೇಲೆ, ಏನೋ ಬಂದು ಕುಳಿತಿತು. ಆರು ಎಸಳು. ಪ್ರತಿ ಎಸಳಿಗೂ ಗರಿ, ಗರಿಗೂ ಗರಿ.

"ಆಯಿ..." ಎಂದಳು.

ಇನ್ನೊಂದು ಬಿತ್ತು. ಹತ್ತು. ನೂರು. ಆಮೇಲೆ ಎಣಿಸುವ ಮಾತೇ ಇಲ್ಲ. ಅವಲಕ್ಕಿಯ ಹಾಗೆ, ಮಲ್ಲಿಗೆಯ ಹಾಗೆ, ದೊಡ್ಡ ದೊಡ್ಡ, ಸೋಮಾರಿ, ಭಾರದ ಹಿಮ! ಬೂದು ಕಲ್ಲಿನ ಮೇಲೆ, ಹಸಿರು ಚಾಪೆಯ ಮೇಲೆ, ಉಡುಪರ ಬೋಳು ತಲೆಯ ಮೇಲೆ, ಕಟ್ಟಿಟ್ಟ ಗಂಟುಗಳ ಮೇಲೆ ಇಳಿಯತೊಡಗಿತು. ಯಾರೋ ನಕ್ಕರು, ಯಾರೋ ಅತ್ತರು. ಅಂಗ್ಮೋಳ ಅಪ್ಪ, ಮಾತು ಕಡಿಮೆಯ ಮನುಷ್ಯ, ಮನೆಯ ಕಡೆ ಓಡಿ ಹೋಗಿ ಸ್ಕೀ ಹಲಗೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದ.

ಬಾಳವ್ವ ಮಾತ್ರ ಅಲ್ಲಾಡದೆ ನಿಂತಿದ್ದಳು. ಎಪ್ಪತ್ತೈದು ವರ್ಷ ತಾನು ಕಾಣದ್ದನ್ನೇ ಕಥೆ ಮಾಡಿ ಹೇಳಿದವಳು. ಅಂಗೈ ಚಾಚಿ, ಬಿದ್ದದ್ದನ್ನು ಹತ್ತಿರ ತಂದು ನೋಡಿ, ನಾಲಿಗೆಯ ಮೇಲೆ ಇಟ್ಟುಕೊಂಡಳು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು.

"ಹುಳಿ ಇಲ್ಲ," ಎಂದಳು. "ಚಲೋ ಆಗೈತಿ."

*

ಹಿಮ ಮೂರು ಗಂಟೆ ಸುರಿಯಿತು. ಬೆಳಕು ಆರುವ ಮುಂಚೆ ಉಡುಪರು ಇಳಿಜಾರಿನಲ್ಲಿ ಅಳತೆಗೋಲು ಊರಿ, ಫೋಟೋ ತೆಗೆದು, ಮೇಲಿನವರಿಗೆ ಕಳಿಸಿದರು. ಬಾಳವ್ವ ಕೋಲನ್ನು ನಂಬಲಿಲ್ಲ. ಬಗ್ಗಿ, ಹೆಬ್ಬೆರಳು ಕೆಳಗೆ ಊರಿ, ಕಿರುಬೆರಳು ಮೇಲಕ್ಕೆ ಚಾಚಿ ಅಳೆದಳು. "ಒಂದು ಗೇಣು, ಮ್ಯಾಲ ನಾಕು ಬೆರಳು. ಬರಕೋರಿ ಸಾಹೇಬ್ರ."

ಶಿಖರದ ಅರ್ಧದಿಂದ ಒಂದು ಕೂಗು ಕೇಳಿಸಿತು. ಅಂಗ್ಮೋ ಬರುತ್ತಿದ್ದಳು. ಹೊಸ ಹಿಮದ ಮೇಲೆ ಮೊದಲ ಗೆರೆ ಎಳೆಯುತ್ತ, ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಬೆನ್ನ ಹಿಂದೆ ಬಿಳಿ ಹೊಗೆ ಎಬ್ಬಿಸುತ್ತ, ನಾಲ್ಕು ವರ್ಷಗಳ ಹಸಿವನ್ನೆಲ್ಲ ಕಾಲಿನಲ್ಲಿ ತುಂಬಿಕೊಂಡು! "ಸರೀರಿ ಎಲ್ಲಾರೂ! ಸರೀರಿ!" ಎಂದು ಕನ್ನಡದಲ್ಲೇ ಕಿರುಚುತ್ತ ಬಂದವಳು ಬಾಳವ್ವನ ಮುಂದೆ ಗಕ್ಕನೆ ನಿಂತು ಅವಳನ್ನು ಹಿಮದಲ್ಲಿ ಮೀಯಿಸಿಬಿಟ್ಟಳು.

"ನಿನ್ನ ಹಲಗಿ ಮುರೀಲಿ, ಖೋಡಿ!" ಎಂದು ಬಾಳವ್ವ ಸೌಟು ಎತ್ತಿದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ.

ಆಗ ಕಂಟ್ರೋಲ್ ರೂಮಿನ ವೈರ್‌ಲೆಸ್ ಗೊರಗುಟ್ಟಿತು. ಉಡುಪರು ಒಳಗೆ ಹೋಗಿ ಬಂದರು. ಅವರ ಮುಖ ವಿಚಿತ್ರವಾಗಿತ್ತು.

"ಆಚೆ ಕಣಿವೆಯವರು. ನಮ್ಮ ಮೋಡ ನೋಡಿದರಂತೆ. ಅವರ ಬೆಟ್ಟವೂ ಬೋಳಂತೆ. ಜೀಪು ಹೊರಡಿಸುತ್ತೇವೆ, ಈಗಲೇ ಸ್ವಲ್ಪ ಕೊಡಬಹುದಾ ಅಂತ ಕೇಳುತ್ತಾರೆ." ಅವರು ಬಾಳವ್ವನ ಕಡೆ ತಿರುಗಿದರು. "ಎಂತ ಹೇಳುವ ಅಮ್ಮಾ?"

ನೀಲಾ ತೊಟ್ಟಿಯ ಕಡೆ ನೋಡಿದಳು. ತಳದಲ್ಲಿ ಇನ್ನೂ ಒಂದಿಷ್ಟು ಇತ್ತು. ಬೇಕಾದಷ್ಟಾಯಿತು.

ಬಾಳವ್ವ ಹಳ್ಳಿಯ ಕಡೆ ಕಣ್ಣು ಹಾಯಿಸಿದಳು. ಅರವತ್ತೊಂದು ಮನೆಗಳಲ್ಲೂ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತಿತ್ತು.

"ಕೊಡೋಣು. ಇಲ್ಲ ಅಂತಾರೇನು?" ಎಂದಳು, ಸೆರಗಿನ ಮೇಲಿನ ಹಿಮ ಕೊಡವುತ್ತ. "ಆದ್ರ ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರ್ದರಿ. ಮುಂಜಾನೆ ಪಾತ್ರೆ ತಗೊಂಡು ಬರಾಕ ಹೇಳ್ರಿ."